ಉಡದಾರದ ಕೆಳಗಿನ ಸೀಮೆ

“ರಟ್ಟಿ ಯಾಕ ಹಿಡದಿಲೇ ರಂಡೆ? ಕಾಲ್ ಹಿಡಿ ಅಂದ್ರ ಕಾಲ್ ಹಿಡೀಬೇಕು. ರಟ್ಟಿ ಹಿಡಿ ಅಂತ ನಿಮ್ಮಪ್ಪ ಹೇಳಿದ್ನೇನು?”

ಸಾಹುಕಾರ ವಿಶ್ವರಾಧ್ಯರು ಹೀಗೆ ಬೈಯುವಾಗ ನನ್ನ ತೊಡೆಯ ಮೇಲೆ ಕೂತಿದ್ದರು. ಕೂತಿದ್ದರು ಅನ್ನುವುದು ಮರ್ಯಾದೆಯ ಮಾತು, ನಿಜ ಹೇಳಬೇಕೆಂದರೆ ಬಿದ್ದಿದ್ದರು. ಬಚ್ಚಲಲ್ಲಿ ನಾನು ಅವರ ಎಡಗಾಲಿನ ಸಕ್ಕರೆ ಹುಣ್ಣು ತೊಳೆಯುತ್ತಿದ್ದೆ. ಅವರು ಬಲಗಾಲನ್ನು ಒಯ್ದು ಸಾಬೂನಿನ ಮೇಲೆ ಇಟ್ಟರು. ತಲೆ ಹೋಗಿ ಕಲ್ಲಿಗೆ ಬಡಿಯಬೇಕು, ಅಷ್ಟರಲ್ಲಿ ನಾನು ರಟ್ಟೆ ಹಿಡಿದು ನನ್ನ ಕಡೆಗೆ ಎಳೆದುಕೊಂಡೆ. ಎಂಬತ್ತು ದಾಟಿದ ಮುದುಕರಾದರೂ ಮೈ ಮಾತ್ರ ತುಂಬಿದ ಹತ್ತಿ ಅಂಡಿಗೆ. ಆ ಅಂಡಿಗೆ ಬಂದು ಮೇಲೆ ಕೂತಾಗ ಮಂಡಿಯೊಳಗೆ ಏನೋ ಲಟಕ್ ಅಂದಿತು. ಲಟಕ್ ಅಂದದ್ದು ನನ್ನ ಮಂಡಿ, ಅವರದಲ್ಲ. ಹಾಗಾಗಿ ಯಾರೂ ವಿಚಾರಿಸಲಿಲ್ಲ.

ಸೊಸೆ ಕಸ್ತೂರಿ ಓಡಿ ಬಂದಳು. ಮಾವ ಬದುಕಿದ್ದಾರೋ ಇಲ್ಲವೋ ಅಂತ ನೋಡಲಿಲ್ಲ, ನನ್ನ ಕೈ ಎಲ್ಲಿದೆ ಅಂತ ನೋಡಿದಳು.

“ಅಯ್ಯಯ್ಯ, ಮ್ಯಾಲೆಲ್ಲ ಮುಟ್ಟಿಬಿಟ್ಟಾಳ. ಕೊರಳಾಗಿನ ಲಿಂಗದ ಹಂತ್ಯಾಕನ ಕೈ ಹೋಗೈತಿ.”

“ಬಿಟ್ಟಿದ್ರ ತಲಿ ಒಡೀತಿತ್ರಿ ಎವ್ವಾ.”

“ತಲಿ ಒಡದ್ರ ಹೊಲಿಗಿ ಹಾಕ್ತಾರ. ಇದಕ್ಕೇನ್ ಮಾಡಬೇಕು?”

ಮಾಡಿದ್ದು ಇಷ್ಟು. ಅಲ್ಲೇ ಇದ್ದ ತಣ್ಣೀರಿನ ಕೊಡವನ್ನು ಎತ್ತಿ ಮುದುಕರ ನೆತ್ತಿಯ ಮೇಲೆ ಸುರಿದಳು. ಸಾಲದು ಅನಿಸಿ ಇನ್ನೊಂದು ಸುರಿದಳು. ನಾನು ಬಿದ್ದವರನ್ನು ಎತ್ತಿ ಮೈಲಿಗೆ ಮಾಡಿದ್ದೆ, ಆಕೆ ಎತ್ತಿದವರನ್ನು ತೋಯಿಸಿ ಮಡಿ ಮಾಡಿದಳು. ಅವರಿಗೆ ಮೊದಲೇ ದಮ್ಮಿನ ಕಾಯಿಲೆ. ಮಧ್ಯಾಹ್ನದ ಹೊತ್ತಿಗೆ ಮಡಿಯಾದ ಸಾಹುಕಾರರು ಶಹಾಪುರದ ದವಾಖಾನೆಯಲ್ಲಿ ಮೂಗಿಗೆ ಹಬೆಯ ಚಿಪ್ಪು ಕಟ್ಟಿಕೊಂಡು ಕೊಳಲು ಊದಿದ ಹಾಗೆ ಉಸಿರಾಡುತ್ತಿದ್ದರು.

ನಾನು ಕರೆಮ್ಮ, ಊರವರ ಬಾಯಲ್ಲಿ ಕರೆವ್ವ. ವನದುರ್ಗ ದಾಟಿ ಮುಂದೆ ಹೋದರೆ ಸಿಗುವ ಊರಿನ ಕೇರಿಯಲ್ಲಿ ನಮ್ಮ ಮನೆ. ಗಂಡ ತಾಯಪ್ಪ ಸಾಹುಕಾರರ ದನ ನೋಡುತ್ತಾನೆ, ನಾನು ಸಗಣಿ ಬಳಿಯುತ್ತಿದ್ದೆ. ಕಲಬುರಗಿಯಿಂದ ಬಂದ ಆಳುಗಳೆಲ್ಲ ಮುದುಕರ ಬಾಯಿಗೆ ಹೆದರಿ ಒಬ್ಬೊಬ್ಬರಾಗಿ ಓಡಿಹೋದ ಮೇಲೆ ನನ್ನನ್ನು ಕೊಟ್ಟಿಗೆಯಿಂದ ಪಡಸಾಲೆಗೆ ಕರೆದರು. ಬಡ್ತಿ ಅಂದರೆ ಬಡ್ತಿಯೇ. ಹಿಂದಿನ ಬಾಗಿಲಿಂದ ಬರಬೇಕು, ಅಡುಗೆಮನೆ ಕಡೆ ನೋಡಬಾರದು, ನೀರಿನ ಲೋಟ ಮುಟ್ಟಬಾರದು, ಮಂಚದ ಕಾಲಿನ ಬಳಿ ನೆಲದ ಮೇಲೆ ಕೂತಿರಬೇಕು. ಅವರು ಕೆಮ್ಮಿದರೆ ಏಳಬೇಕು, ಹೊರಳಿದರೆ ಏಳಬೇಕು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾರೆ ಅಂತ ನೋಡಲು ಏಳಬೇಕು. ಈ ಕೆಲಸ ಕೈಯಿಂದ ನಡೆಯುವುದಲ್ಲ, ಮಂಡಿಯಿಂದ ನಡೆಯುವುದು. ಬೈಗುಳ ನನಗೆ ತಾಗುವುದಿಲ್ಲ. ಆದರೆ ಮಂಡಿ ಹೋಯಿತೆಂದರೆ ಮಾರನೆಯ ದಿನವೇ ನನ್ನನ್ನು ಮನೆಗೆ ಕಳಿಸುತ್ತಾರೆ, ಅಲ್ಲಿ ನನ್ನನ್ನು ಎತ್ತಲು ಯಾರೂ ಇಲ್ಲ. ನನಗೆ ಭಯ ಅಂತ ಇದ್ದದ್ದು ಇದೊಂದೇ.

ಶಹಾಪುರದ ಡಾಕ್ಟರು ಸಾಹುಕಾರರ ಮಗ ಭೀಮಾಶಂಕರನಿಗೆ ಮನೆಯಲ್ಲಿ ಆರೈಕೆಗೆ ಒಂದು ಸರಿಯಾದ ಬಂದೋಬಸ್ತು ಮಾಡಿಕೊಳ್ಳಿ, ನಮ್ಮ ನರ್ಸು ಬಂದು ಪ್ಲಾನ್ ಹಾಕಿಕೊಡುತ್ತಾಳೆ ಅಂದರಂತೆ. ಭೀಮಾಶಂಕರ ರಸ್ತೆ ಗುತ್ತಿಗೆದಾರ. ಊರಿಗೆಲ್ಲ ಗುಡುಗುತ್ತಾನೆ, ಸೂಜಿ ಕಂಡರೆ ಗೋಡೆ ಹಿಡಿಯುತ್ತಾನೆ. ಪ್ಲಾನ್ ಅಂದರೆ ಅವನಿಗೆ ಮೊದಲಿಂದಲೂ ಪ್ರೀತಿ. ಕೂಡಲೇ ಹೂಂ ಅಂದ.

ನರ್ಸು ಫಿರ್ದೌಸ್ ಬಂದ ದಿನ ಪಡಸಾಲೆಯಲ್ಲಿ ದರ್ಬಾರು ನೆರೆಯಿತು. ಸಾಹುಕಾರರು ಮಂಚದ ಮೇಲೆ. ಮಠದ ಅಯ್ಯನವರು ಮಡಿಬಟ್ಟೆ ಹಾಸಿದ ಮಣೆಯ ಮೇಲೆ. ಭೀಮಾಶಂಕರ, ಕಸ್ತೂರಿ ಸೋಫಾದ ಮೇಲೆ. ಫಿರ್ದೌಸಳಿಗೆ ಬೆತ್ತದ ಕುರ್ಚಿ. ನಾನು ನೆಲದ ಮೇಲೆ, ಬಾತ ಮಂಡಿಯನ್ನು ಮುಂದಕ್ಕೆ ಚಾಚಿಕೊಂಡು. ಅಯ್ಯನವರು ನರ್ಸಿನ ಹೆಸರು ಕೇಳಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ ತೆರೆದು, “ಇರ್ಲಿ. ಬಿಳಿ ಕೋಟಿಗಿ ಜಾತಿ ಇಲ್ಲ” ಅಂದರು.

“ಹಂಗಾರ ನನಗೂ ಒಂದು ಹೊಲಿಸಿ ಕೊಡ್ರಿ ಅಯ್ನೋರ,” ಅಂದೆ.

ಅಯ್ಯನವರ ಕಿವಿ ಬೇಕಾದಾಗ ಮುಚ್ಚಿಕೊಳ್ಳುತ್ತದೆ.

ಫಿರ್ದೌಸ್ ಗುಳಿಗೆಯ ಚೀಲವನ್ನು ಮಂಚದ ಮೇಲೆ ಸುರಿದು ತಲೆ ಮೇಲೆ ಕೈ ಹೊತ್ತಳು. ಸಾಹುಕಾರರಿಗೆ ಸಕ್ಕರೆ, ಬಿಪಿ, ದಮ್ಮು, ಕಿಡ್ನಿ, ಮಂಡಿ. ಒಂದೊಂದಕ್ಕೆ ಒಬ್ಬೊಬ್ಬ ಡಾಕ್ಟರು, ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಬಿಪಿ ಡಾಕ್ಟರು ಕೊಟ್ಟ ನೀರಿನ ಗುಳಿಗೆ ಮುದುಕರಿಗೆ ಬಚ್ಚಲಿಗೆ ಓಡು ಅನ್ನುತ್ತದೆ, ಮಂಡಿ ಓಡಬೇಡ ಅನ್ನುತ್ತದೆ. ಮಂಡಿನೋವಿನ ಗುಳಿಗೆ ಕಿಡ್ನಿಗೆ ಆಗದು. ದಮ್ಮಿನ ಗುಳಿಗೆ ಸಕ್ಕರೆ ಏರಿಸುತ್ತದೆ. ಸಕ್ಕರೆಯದು ಹೊಟ್ಟೆ ಹಸಿಸುತ್ತದೆ, ಹಸಿವಾದಾಗ ಮುದುಕರು ಸೊಸೆಯ ಕಣ್ಣು ತಪ್ಪಿಸಿ ಬೆಲ್ಲ ನೆಕ್ಕುತ್ತಾರೆ.

“ಒಂದೊಂದು ರೋಗಕ್ಕ ಒಂದೊಂದು ಪ್ಲಾನ್ ಮಾಡಿದ್ರ ಮನಷ್ಯಾ ಉಳಿಯಂಗಿಲ್ರಿ,” ಅಂದಳು ಫಿರ್ದೌಸ್. “ಮನಷ್ಯಾ ಒಬ್ಬ, ಪ್ಲಾನೂ ಒಂದೇ ಇರಬೇಕು. ಮೊದಲ ಅವರಿಗೇ ಕೇಳಬೇಕು. ಅಜ್ಜಾರ, ನಿಮಗೇನ್ ಆಗಬೇಕು ಹೇಳ್ರಿ.”

ಸಾಹುಕಾರರಿಗೆ ಇಷ್ಟು ವರ್ಷದಲ್ಲಿ ಯಾವ ಡಾಕ್ಟರೂ ಇದನ್ನು ಕೇಳಿರಲಿಲ್ಲ. ಗಂಟಲು ಸರಿಮಾಡಿಕೊಂಡರು.

“ಶೇಂಗಾ ಹೋಳಿಗಿ.”

“ಅದನ್ ಬಿಟ್ಟು?”

“ಅದರ ಮ್ಯಾಲ ತುಪ್ಪ.”

ಫಿರ್ದೌಸ್ ನಗು ತಡೆದುಕೊಂಡು ಬೆರಳಿಗೆ ಚುಚ್ಚಿ ಸಕ್ಕರೆ ನೋಡುವ ಯಂತ್ರ ತೆಗೆದಳು. ಮುದುಕರು ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟರು. “ಮೊದಲ ಆಕೀಗಿ ಚುಚ್ಚು. ಆಕೀ ಸಾಯಲಿಲ್ಲ ಅಂದ್ರ ನನಗ ಚುಚ್ಚು.” ಭೀಮಾಶಂಕರ ಗೋಡೆ ಹಿಡಿದ. ಫಿರ್ದೌಸ್ ನನ್ನ ಬೆರಳಿಗೆ ಚುಚ್ಚಿದಳು, ಯಂತ್ರ ನೋಡಿದಳು, ಹುಬ್ಬು ಗಂಟಿಕ್ಕಿದಳು. ಆಮೇಲೆ ಅವರ ಬೆರಳಿಗೆ ಚುಚ್ಚಿ ಅದನ್ನೂ ನೋಡಿದಳು.

“ಕರೆಮ್ಮಾ, ನಿಮ್ದು ಅಜ್ಜಾರಕಿಂತ ಜಾಸ್ತಿ ಐತಲ್ರಿ.”

ಸಾಹುಕಾರರ ಮುಖ ಕಪ್ಪಿಟ್ಟಿತು. ಅವರ ಪಡಸಾಲೆಯಲ್ಲಿ, ಅವರ ಎದುರಿಗೆ, ಅವರಿಗಿಂತ ಜಾಸ್ತಿ ಯಾರಿಗೂ ಏನೂ ಇರುವ ರೂಢಿ ಇರಲಿಲ್ಲ.

“ನನಗಿಂತ ಜಾಸ್ತಿ? ಇಕೀಗಿ? ಏನ್ ತಿಂತಾಳಕಿ, ರೊಟ್ಟಿ ಖಾರ. ಮಷೀನ್ ಕೆಟ್ಟೈತಿ. ಇನ್ನೊಮ್ಮಿ ನೋಡು.”

ಇನ್ನೊಮ್ಮೆ ನೋಡಿದರೂ ನಾನೇ ಮುಂದಿದ್ದೆ. ಸುಳ್ಳು ಯಾಕೆ ಹೇಳಲಿ, ಕಾಯಿಲೆ ಅಂತ ಗೊತ್ತಾದ ಹೆದರಿಕೆಯ ಜೊತೆಗೇ ಒಳಗೊಳಗೆ ಸ್ವಲ್ಪ ಖುಷಿಯೂ ಆಯಿತು. ಫಿರ್ದೌಸ್ ಕೆಳಗೆ ಬಾಗಿ ನನ್ನ ಮಂಡಿಯನ್ನು ಒತ್ತಿ ನೋಡಿದಳು. ನಾನು ಹಲ್ಲು ಕಚ್ಚಿದೆ.

“ಇವರು ನೆಲದ ಮ್ಯಾಲ ಕುಂದರಬಾರದ್ರಿ. ಇವರ ಮಂಡಿ ಹೋತು ಅಂದ್ರ ಅಜ್ಜಾರ್ನ ಯಾರ್ ಎತ್ತತೀರಿ? ಒಂದು ಕುರ್ಚಿ ಹಾಕಿ ಕೊಡ್ರಿ. ಪ್ಲಾನಿನ್ಯಾಗ ಇದನ್ನೂ ಬರೀತೀನಿ.”

ಕಸ್ತೂರಿ ಗಂಡನನ್ನು ಮೊಣಕೈಯಿಂದ ತಿವಿದಳು.

“ಅದೊಂದು ಬಿಟ್ಟು ಉಳಿದದ್ದು ಬರೀರಿ ಸಿಸ್ಟರ್,” ಅಂದ ಭೀಮಾಶಂಕರ.

“ಇವತ್ತ ಕುರ್ಚಿ ಅಂತಾಳ, ನಾಳಿ ಮಂಚ ಅಂತಾಳ,” ಅಂದಳು ಕಸ್ತೂರಿ.

“ಈ ಕರೆವ್ವನ ಅತ್ತಿ ಈ ಮನ್ಯಾಗ ನಿಂತೇ ಮುದುಕಿ ಆದ್ಲು,” ಅಂದರು ಸಾಹುಕಾರರು. “ಒಂದಿನ ಕುರ್ಚಿ ಬೇಕಂದಾಕಿ ಅಲ್ಲ.”

“ಹೌದ್ರಿ ಸಾವ್ಕಾರ್ರ. ಗೂನ್ ಬೆನ್ನಾಗಿ ಸತ್ಲು. ಕುಣಿಯಾಗ ನೆಟ್ಟಗ ಮಲಗಸಾಕ ಆಗ್ಲಿಲ್ಲ,” ಅಂದೆ.

ಫಿರ್ದೌಸ್ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು, ಭೀಮಾಶಂಕರನ ಮುಖ ನೋಡಿದಳು. ದವಾಖಾನೆಯ ಯಜಮಾನ ಅವನ ದೋಸ್ತ. ಪೆನ್ನು ಕೆಳಗಿಟ್ಟಳು. ಆಕೆಗೂ ಆಕೆಯ ನೌಕರಿ ಇತ್ತು, ಅದಕ್ಕೆ ನಾನು ಆಕೆಯನ್ನು ಬೈಯುವುದಿಲ್ಲ.

ಕುರ್ಚಿ ಹೋಯಿತು. ಇನ್ನು ಉಳಿದದ್ದು ಮುಟ್ಟುವ ಪ್ರಶ್ನೆ. ಇದನ್ನು ಬಗೆಹರಿಸಲೆಂದೇ ಅಯ್ಯನವರನ್ನು ಕರೆಸಿದ್ದರು. ಫಿರ್ದೌಸ್ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಮನುಷ್ಯನ ಚಿತ್ರ ಬರೆದು, ಎಲ್ಲಿ ಹುಣ್ಣಿದೆ, ಎಲ್ಲಿ ಇಂಜೆಕ್ಷನ್ನು, ಎಲ್ಲಿ ಬಾವು ನೋಡಬೇಕು ಅಂತ ಗುರುತು ಮಾಡುತ್ತಿದ್ದಳು. ಅಯ್ಯನವರು ಆ ಪೆನ್ನನ್ನು ಇಸಿದುಕೊಂಡು ಚಿತ್ರದ ಸೊಂಟಕ್ಕೆ ಅಡ್ಡ ಗೆರೆ ಎಳೆದರು.

“ಇದು ಉಡದಾರ. ಇದರ ಮ್ಯಾಲ ಲಿಂಗದ ಹದ್ದು, ಮನಿಯವರು ಮುಟ್ಟಬೇಕು. ಇದರ ಕೆಳಗ…” ಕೆಳಗೆ ಯಾರ ಹದ್ದು ಅಂತ ಸ್ವಲ್ಪ ಯೋಚಿಸಿದರು. ಹದ್ದು ಅಂದರೆ ನಮ್ಮ ಕಡೆ ಗಡಿ. “ಕೆಳಗ ಕರೆವ್ವನ ಹದ್ದು. ಅಲ್ಲಿಂದು ಏನಿದ್ರೂ ಆಕೀನೇ ಮುಟ್ಟಬೇಕು, ಮನಿಯವರು ಮುಟ್ಟಿದ್ರ ಅವರಿಗೇ ಮೈಲಿಗಿ.”

ಭೀಮಾಶಂಕರ ಆ ಚಿತ್ರವನ್ನು ತಾನೇ ಮೊಳೆ ಹೊಡೆದು ಗೋಡೆಗೆ ತೂಗು ಹಾಕಿದ. ಗೇಣು ಜಮೀನಿಲ್ಲದ ನನ್ನ ಹೆಸರಿಗೆ ಸಾಹುಕಾರರ ಅರ್ಧ ಮೈ ಹೀಗೆ ಆಯಿತು.

ಮರುದಿನದಿಂದ ಪ್ಲಾನು ಜಾರಿಗೆ ಬಂತು. ಮೇಲಿನ ಸೀಮೆಗೆ ಭೀಮಾಶಂಕರ, ಕೆಳಗಿನ ಸೀಮೆಗೆ ನಾನು. ಮಂಚದಿಂದ ಎಬ್ಬಿಸಬೇಕೆಂದರೆ ಅವನು ಹೆಗಲು ಹಿಡಿಯಬೇಕು, ನಾನು ಕಾಲು ಹಿಡಿಯಬೇಕು. ಅವನು ಈ ಕಡೆ ಅಂದರೆ ನನಗೆ ಆ ಕಡೆ ಕೇಳಿಸುತ್ತಿತ್ತೋ ಏನೋ, ನಡುವೆ ಮುದುಕರು ಹಿಂಡುವ ಬಟ್ಟೆಯಾಗುತ್ತಿದ್ದರು. “ಲೇ, ನನ್ನ ಎರಡು ತುಂಡ್ ಮಾಡ್ತೀರೇನಲೇ ಹಾಟ್ಯಾನ ಮಕ್ಕಳ್ರ,” ಅಂತ ಕೂಗುತ್ತಿದ್ದರು. ಹೊಟ್ಟೆಗೆ ಕೊಡುವ ಇಂಜೆಕ್ಷನ್ನು ಯಾರ ಹದ್ದಿಗೆ ಬರುತ್ತದೆ ಅಂತ ಅಯ್ಯನವರಿಗೆ ಫೋನು ಹೋಯಿತು. ಹೊಕ್ಕುಳ ಮೇಲಾದರೆ ಮಗ, ಕೆಳಗಾದರೆ ಕರೆವ್ವ ಅಂತ ತೀರ್ಪು ಬಂತು. ಭೀಮಾಶಂಕರ ಅವತ್ತಿನಿಂದ ಹೊಕ್ಕುಳ ಕೆಳಗೇ ಕೊಡಿಸಿದ.

ಇನ್ನೊಂದು ತಮಾಷೆ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಕಿಡ್ನಿಯ ದೆಸೆಯಿಂದ ಹೊಟ್ಟೆಗೆ ನೀರು ತುಂಬಿದಾಗ ಉಡದಾರ ಮೇಲಕ್ಕೆ ಏರುತ್ತಿತ್ತು. ನೀರಿನ ಗುಳಿಗೆ ನುಂಗಿ ಬಾವು ಇಳಿದರೆ ಕೆಳಕ್ಕೆ ಜಾರುತ್ತಿತ್ತು. ಏರಿದ ದಿನ ನನ್ನ ಜಮೀನು ಎದೆಯವರೆಗೆ ಹಬ್ಬುತ್ತಿತ್ತು, ಭೀಮಾಶಂಕರ ಆರಾಮಾಗಿ ಹೆಗಲಿನಷ್ಟೇ ಕೆಲಸ ಮಾಡಿ ಹೊರಗೆ ಹೋಗುತ್ತಿದ್ದ. ಇಳಿದ ದಿನ ನನ್ನ ಕೈ ಮತ್ತೆ ಮೈಲಿಗೆಯಾಗುತ್ತಿತ್ತು.

ಆದರೆ ಮಂಡಿ ನಗುತ್ತಿರಲಿಲ್ಲ. ದಿನದಿಂದ ದಿನಕ್ಕೆ ನೆಲದಿಂದ ಏಳುವುದು ಕಷ್ಟವಾಯಿತು. ಮೊದಲು ಮಂಚದ ಕಾಲು ಹಿಡಿದು ಏಳುತ್ತಿದ್ದೆ, ಆಮೇಲೆ ಮಂಚದ ಕಾಲನ್ನೂ ಗೋಡೆಯನ್ನೂ ಹಿಡಿದು, ಕೊನೆಗೆ ತಾಯಿಯನ್ನು ಕರೆದು. ಒಂದು ದಿನ ನಾನು ಏಳುವಷ್ಟರಲ್ಲಿ ಸಾಹುಕಾರರು ಹಾಸಿಗೆ ಒದ್ದೆ ಮಾಡಿಕೊಂಡಿದ್ದರು. ಕಸ್ತೂರಿ ಸೊಂಟದ ಮೇಲೆ ಕೈಯಿಟ್ಟು, “ಆಗವಲ್ದಂದ್ರ ಹೇಳು, ಬ್ಯಾರೇದಾಕಿನ್ನ ನೋಡ್ತೀವಿ,” ಅಂದಳು. ಅವತ್ತು ಮನೆಗೆ ಹೋಗಿ ಅತ್ತುಬಿಟ್ಟೆ. ತಾಯಪ್ಪ ಹರಳೆಣ್ಣೆ ಬಿಸಿ ಮಾಡಿ ಮಂಡಿಗೆ ತಿಕ್ಕಿದ. ಮಾತು ಕಡಿಮೆ ಅವನದು.

ಹಾಸಿಗೆ ಒದ್ದೆಯಾದದ್ದಕ್ಕೆ ಫಿರ್ದೌಸ್ ಒಂದು ಉಪಾಯ ಹೇಳಿ ಕಳಿಸಿದಳು. ಎರಡು ದಿನದಲ್ಲಿ ಯಾದಗಿರಿಯಿಂದ ಶಾರುಖ್ ಅನ್ನುವ ಹುಡುಗ ಟೆಂಪೋದಲ್ಲಿ ಒಂದು ಕುರ್ಚಿ ತಂದಿಳಿಸಿದ. ಅದನ್ನು ಕಂಡು ನಾನು ನಿಂತುಬಿಟ್ಟೆ. ಥಳಥಳಿಸುವ ಉಕ್ಕಿನ ಕಾಲು, ಕಾಲಿಗೆ ಗಾಲಿ, ಮೆತ್ತನೆಯ ನೀಲಿ ಗಾದಿ, ಬೆನ್ನಿಗೆ ಆಸರೆ, ಎರಡೂ ಕಡೆ ಕೈಯಿಡಲು ಜಾಗ. ಇಂಥ ಕುರ್ಚಿಯನ್ನು ತಹಸೀಲ್ದಾರರ ಕಚೇರಿಯಲ್ಲಿಯೂ ನಾನು ನೋಡಿರಲಿಲ್ಲ. ಶಾರುಖ್ ಗಾದಿ ಎತ್ತಿ ತೋರಿಸಿದ. ಕೆಳಗೆ ತೂತು, ತೂತಿನ ಕೆಳಗೆ ಬಕೆಟ್ಟು.

“ಸಂಡಾಸ್ ಕುರ್ಚಿ. ಅಜ್ಜಾರು ಇದರಾಗೇ ಎಲ್ಲಾ ಮಾಡ್ಕೋಬಹುದು. ಆಮ್ಯಾಲ ಗಾದಿ ಮುಚ್ಚಿದ್ರ ಮತ್ತ ಕುರ್ಚಿ.”

ಕಸ್ತೂರಿ ಹಿಂದಕ್ಕೆ ಜಿಗಿದಳು. “ಯವ್ವಾ, ಹಿಂದಿನ ಬಾಗಲದಿಂದ ಒಯ್ಯಿ ಅದನ್ನ.” ಮತ್ತೆ ಅಯ್ಯನವರಿಗೆ ಫೋನು ಹೋಯಿತು. ಅಯ್ಯನವರಿಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಅದು ಉಡದಾರದ ಕೆಳಗಿನ ಸಾಮಾನು, ಕರೆವ್ವನ ಹದ್ದು, ಮನೆಯವರು ಯಾರೂ ಬೆರಳು ತಾಗಿಸಕೂಡದು. ಕಸ್ತೂರಿ ಇದನ್ನು ಮನೆಯ ಎಲ್ಲರಿಗೂ ಸಾರಿದಳು. “ಅದು ಕರೆವ್ವನ ಕುರ್ಚಿ. ಯಾರೂ ಮುಟ್ಟಬ್ಯಾಡ್ರಿ.”

ಆ ಮಾತನ್ನು ನಾನು ನೆನಪಿಟ್ಟುಕೊಂಡೆ. ದಿನಾ ಬೆಳಿಗ್ಗೆ ಅದನ್ನು ಅಂಗಳಕ್ಕೆ ಒಯ್ದು ಬಕೆಟ್ಟು, ಗಾದಿ, ಕಾಲು, ಗಾಲಿ ಎಲ್ಲ ತೊಳೆದು ಬಿಸಿಲಿಗೆ ಇಡುತ್ತಿದ್ದೆ. ಆ ಮನೆಯಲ್ಲಿ ಅದರಷ್ಟು ಚೊಕ್ಕಟವಾದ ವಸ್ತು ಇನ್ನೊಂದಿರಲಿಲ್ಲ. ಅದರ ಪಕ್ಕದಲ್ಲೇ ನೆಲದ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದೆ. ಒಂದು ದಿನ ನಾನು ಅದನ್ನು ನೋಡುತ್ತಿದ್ದ ರೀತಿಯನ್ನು ತಾಯಪ್ಪ ದನದ ಹಗ್ಗ ಬಿಚ್ಚುತ್ತ ನೋಡಿಬಿಟ್ಟ.

“ಬ್ಯಾಡ ಕರೆವ್ವಾ, ನಿನ್ನ ಕೈ ಮುಗೀತೇನಿ. ಅದು ಹೇಲೋ ಕುರ್ಚಿ.”

“ನಾ ಏನ್ ಮಾಡಿದ್ನಿ? ನೋಡಾಕತ್ತೇನಿ ಅಷ್ಟ.”

“ನಿನ್ನ ನೋಟ ಸರಿ ಇಲ್ಲ,” ಅಂದ.

ಸಾಹುಕಾರರಿಗೆ ಜಡ್ಡು ಅಂತ ಸುದ್ದಿ ಹಬ್ಬಿ ಮಾತಾಡಿಸಲು ಜನ ಬರತೊಡಗಿದರು. ಒಂದು ಸೋಮವಾರ ದೊಡ್ಡ ಮಂದಿಯೇ ಬಂತು. ಸುರಪುರದಿಂದ ಸಾಹುಕಾರರ ಹಳೆಯ ಗೆಳೆಯರು, ಗುರುಮಠಕಲ್‌ನಿಂದ ಬೀಗರು, ಜೊತೆಗೆ ಅಯ್ಯನವರು. ಸಕ್ಕರೆ ಕಾಯಿಲೆಯವರನ್ನು ನೋಡಲು ಬಂದವರು ಬಾಳೆಹಣ್ಣು, ಪೇಡೆ, ಗ್ಲುಕೋಸ್ ಬಿಸ್ಕತ್ತು ತಂದು ಮಂಚದ ತಲೆದೆಸೆಯಲ್ಲಿ ಗುಡ್ಡೆ ಹಾಕಿದರು. ಮುದುಕರು ಅದನ್ನು ಕಣ್ಣಲ್ಲೇ ತಿನ್ನುತ್ತಿದ್ದರು. ಕುಳಿತುಕೊಳ್ಳಲು ಸಾಲದೆ ಬಂದೀತೆಂದು ಭೀಮಾಶಂಕರ ಶಾಮಿಯಾನದವರಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ತರಿಸಿದ್ದ. ತಾಯಪ್ಪ ಅವನ್ನು ಇಳಿಸಿ ಹಾಕಿದ. ಎಲ್ಲರೂ ಕೂತ ಮೇಲೂ ಅಂಗಳದ ಮೂಲೆಯಲ್ಲಿ ಒಂದರ ಮೇಲೊಂದು ಸೇರಿಸಿದ ಕುರ್ಚಿಗಳು ಆಳೆತ್ತರ ಉಳಿದಿದ್ದವು.

ನಾನು ಬೆಳಿಗ್ಗೆಯಿಂದ ನಿಂತಿದ್ದೆ. ಅಷ್ಟು ಜನರ ಕಾಲ ನಡುವೆ ನೆಲದ ಮೇಲೆ ಕೂತರೆ ಏಳುವುದು ಆಗದ ಮಾತು. ಮಂಡಿ ಕುಂಬಳಕಾಯಿ ಆಗಿತ್ತು. ಮೂಲೆಯಲ್ಲಿ ಖಾಲಿ ಕುರ್ಚಿಗಳು, ಕೂರಲು ಯಾರೂ ಇಲ್ಲ. ಒಂದನ್ನು ಮೆಲ್ಲಗೆ ಬಿಡಿಸಿಕೊಂಡು ಬಾಗಿಲ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ ಹಾಕಿ ಕೂತೆ. ಏನು ಹೇಳಲಿ, ಮಂಡಿಯೊಳಗಿಂದ ನೋವು ನೀರಿನ ಹಾಗೆ ಇಳಿದುಹೋಯಿತು. ಕಣ್ಣು ಮುಚ್ಚಿದೆ.

ಹಿಂದಿನಿಂದ ಯಾರೋ ಕುರ್ಚಿ ಎಳೆದರು. ನಾನು ದೊಪ್ಪನೆ ನೆಲಕ್ಕೆ ಬಿದ್ದೆ.

“ಕುರ್ಚಿ ಬೇಕಾತೇನಲೇ ನಿನಗ? ಬೀಗರ ಮುಂದ? ಹಲ್ಕಟ್ ರಂಡೆ.” ಭೀಮಾಶಂಕರ ಕುರ್ಚಿಯನ್ನು ಕಾಲಲ್ಲಿ ಅಂಗಳಕ್ಕೆ ಒದ್ದ.

ಪಡಸಾಲೆಯವರು ಕತ್ತು ಚಾಚಿ ನೋಡಿದರು. ಗುರುಮಠಕಲ್ ಬೀಗರೊಬ್ಬರು ಪಕ್ಕದವರಿಗೆ, “ಮುಸಲಮ್ಮಕಿ ಕುರ್ಚಿ ಕಾವಾಲಂಟ,” ಅಂತ ತೆಲುಗಿನಲ್ಲಿ ಹೇಳಿದರು. ಎಲ್ಲರೂ ನಕ್ಕರು. ನನಗೆ ತೆಲುಗು ಬಾರದು, ಆದರೆ ಕುರ್ಚಿ ಅನ್ನುವುದು ಅಲ್ಲಿಯೂ ಕುರ್ಚಿಯೇ.

“ಏ ತಾಯಪ್ಪ,” ಕಸ್ತೂರಿ ಕೂಗಿದಳು, “ಆ ಕುರ್ಚಿ ತೊಳದ್ ಇಡು. ಮುಟ್ಟ್ಯಾಳದನ್ನ.”

ನಾನು ಮುಟ್ಟಿದ ಕುರ್ಚಿಯನ್ನು ನನ್ನ ಗಂಡ ತೊಳೆದರೆ ಮಡಿಯಾಗುತ್ತದೆ. ಇದು ಯಾವ ಶಾಸ್ತ್ರ ಅಂತ ಅಯ್ಯನವರೂ ಕೇಳಲಿಲ್ಲ. ತಾಯಪ್ಪ ತಲೆ ತಗ್ಗಿಸಿ ಕುರ್ಚಿಯನ್ನು ನಲ್ಲಿಯ ಕೆಳಗೆ ಹಿಡಿದ. ನನ್ನ ಕಡೆ ನೋಡಲಿಲ್ಲ. ಅವನು ನೋಡದೇ ಇದ್ದದ್ದೇ ನನಗೆ ಬಿದ್ದದ್ದಕ್ಕಿಂತ ಹೆಚ್ಚು ನೋಯಿತು. ನನಗೆ ಸಿಟ್ಟು ಬಂತು. ಮೊದಲೂ ಸಿಟ್ಟು ಬಂದಿದೆ, ಆದರೆ ಅದೆಲ್ಲ ಮನೆಗೆ ಹೋಗುವ ದಾರಿಯಲ್ಲಿ ಬರುವ ಸಿಟ್ಟು. ಇದು ಅಲ್ಲೇ ಬಂತು.

ಏಳಲು ಕೈಗೆ ಸಿಕ್ಕದ್ದನ್ನು ಹಿಡಿದೆ. ಬಾಗಿಲ ಬಳಿ ಸಂಡಾಸ್ ಕುರ್ಚಿ ಇತ್ತು. ಬೆಳಿಗ್ಗೆ ನನ್ನ ಕೈಯಾರೆ ತೊಳೆದದ್ದು. ಅದರ ತೋಳು ಹಿಡಿದು ಎದ್ದೆ. ಗಾಲಿ ತಾನಾಗಿಯೇ ಉರುಳಿತು. ಗಿರಗಿರ ತಳ್ಳಿಕೊಂಡು ಪಡಸಾಲೆಯ ನಟ್ಟನಡುವೆ, ಅಯ್ಯನವರ ಮಣೆಗೂ ಬೀಗರ ಸಾಲಿಗೂ ಮಧ್ಯೆ ತಂದು ನಿಲ್ಲಿಸಿದೆ. ಗಾದಿ ಮುಚ್ಚಿದೆ. ಕೂತೆ. ಎರಡೂ ಕೈ ಎರಡು ಕಡೆ ಇಟ್ಟೆ, ಬಾತ ಕಾಲನ್ನು ಮುಂದಕ್ಕೆ ಚಾಚಿದೆ.

ಒಬ್ಬರ ಕೈಯಲ್ಲಿದ್ದ ಚಹದ ಕಪ್ಪು ಬಾಯಿಗೂ ಹೋಗಲಿಲ್ಲ, ಕೆಳಗೂ ಬರಲಿಲ್ಲ.

“ಏಳಲೇ,” ಅಂದ ಭೀಮಾಶಂಕರ.

“ಇದು ನನ್ನ ಹದ್ದು ರಿ.”

“ಏಳ್ತೀಯೋ ಇಲ್ಲೋ?”

“ಅವ್ವಾರೇ ಅಂದಾರ, ಅದು ಕರೆವ್ವನ ಕುರ್ಚಿ ಅಂತ. ಅಲ್ಲಿ ಗೋಡಿಗಿ ನೀವೇ ಮೊಳಿ ಹೊಡದು ಹಾಕೀರಿ ನೋಡ್ರಿ. ಗೆರಿ ಕೆಳಗಿಂದೆಲ್ಲ ನಂದು.”

ಅವನು ಕುರ್ಚಿ ಕೆಡವಲು ಧುಮುಕಿ ಬಂದ. ಕೈ ತೋಳಿನವರೆಗೆ ಬಂತು, ಇನ್ನೇನು ತಾಗಬೇಕು, ಅಲ್ಲೇ ನಿಂತಿತು. ಗುರುಮಠಕಲ್ ಬೀಗರು ನೋಡುತ್ತಿದ್ದರು. ಕೈ ಹಿಂದಕ್ಕೆ ಹೋಯಿತು. ಅವನು ಅಯ್ಯನವರ ಕಡೆ ನೋಡಿದ. ಅಯ್ಯನವರು ಫ್ಯಾನಿನ ಕಡೆ ನೋಡಿದರು.

“ಏ ತಾಯ್ಯಾ, ನಿನ್ನ ಹೇಣ್ತೀನ ಎಬ್ಬಸು ಬಾ ಇಲ್ಲಿ.”

ತಾಯಪ್ಪ ಅಂಗಳದಲ್ಲಿ ನೀರು ಸೋರುವ ಕೆಂಪು ಕುರ್ಚಿ ಹಿಡಿದು ನಿಂತಿದ್ದ. ನನ್ನನ್ನು ನೋಡಿದ. ಈ ಸಲ ನೋಡಿದ.

“ಕೈ ಒದ್ದಿ ಆಗ್ಯಾವ್ರಿ ಧಣಿ,” ಅಂದ.

ಆಗ ಮಂಚದ ಮೇಲಿಂದ ಒಂದು ಸಣ್ಣ ದನಿ ಬಂತು. ಬೆಳಿಗ್ಗೆ ನುಂಗಿದ ನೀರಿನ ಗುಳಿಗೆ ತನ್ನ ಕೆಲಸ ಶುರುಮಾಡಿತ್ತು. ಅದಕ್ಕೆ ಬೀಗರು, ಅಯ್ಯನವರು, ಹದ್ದು ಯಾವುದೂ ಗೊತ್ತಿಲ್ಲ.

“ಕರೆವ್ವಾ, ಬಂದೈತಿ.”

“ಏನ್ ಬಂದೈತ್ರಿ ಸಾವ್ಕಾರ್ರ?”

“ಏನ್ ಬರ್ತೈತಿ, ಉಚ್ಚಿ ಬಂದೈತಿ. ಏಳು ಜಲ್ದಿ.”

“ಏಳ್ತೇನ್ರಿ. ನನಗೊಂದು ಕುರ್ಚಿ ತರಸ್ರಿ. ಇದರ ಮ್ಯಾಲಿಂದ ಎದ್ದು ಅದರ ಮ್ಯಾಲ ಕುಂದ್ರತೇನಿ. ನೆಲಕ್ಕ ಕುಂದ್ರಾಂಗಿಲ್ಲ ಇನ್ನ.”

“ಲೇ ಭೀಮ್ಯಾ, ನೀ ಎತ್ತಲೇ ನನ್ನ, ಬಚ್ಚಲಕ್ಕ ಒಯ್ಯಿ.”

ಭೀಮಾಶಂಕರ ಹೆಗಲ ಮೇಲೆ ಕೈಯಿಟ್ಟ. ಕಾಲ ಕಡೆ ನೋಡಿದ. “ಎಪ್ಪಾ, ಕೆಳಗ ನಾ ಹೆಂಗ ಮುಟ್ಲಿ? ಅಯ್ನೋರು ಇಲ್ಲೇ ಕುಂತಾರ.”

ಸಾಹುಕಾರರು ಎರಡೂ ತೊಡೆ ಬಿಗಿದು ಮೊದಲು ಮಗನನ್ನು, ಆಮೇಲೆ ಅಯ್ಯನವರನ್ನು, ಆಮೇಲೆ ಗೋಡೆಯ ಮೇಲಿನ ಚಿತ್ರವನ್ನು ನೋಡಿದರು. ಅವರ ಬಾಯಿ ತೆರೆಯಿತು. ಇಷ್ಟು ದಿನ ನಾನೊಬ್ಬಳೇ ತಿಂದ ಬೈಗುಳಗಳೆಲ್ಲ ಅವತ್ತು ಮಗನ ಪಾಲಿಗೆ ಹೊಸದಾಗಿ ಬಡಿಸಿದರು.

“ಹದ್ದೂ ಇಲ್ಲ ಗಿದ್ದೂ ಇಲ್ಲಲೇ ಭಾಡ್ಕಾವ್. ನನ್ನ ಮುಕಳಿಗಿ ಗೆರಿ ಎಳದ್ರಿ, ಈಗ ಮಾರಿ ನೋಡ್ತೀರಿ? ಒಗಿ ಆಕೀಗೊಂದು ಕುರ್ಚಿ. ಒಗೀತೀಯೋ ಇಲ್ಲಾ ಬೀಗರ ಮ್ಯಾಲ ಬಿಡ್ಲ್ಯೋ?”

ಬೀಗರು ತಮ್ಮ ಕುರ್ಚಿಗಳನ್ನು ಹಿಂದಕ್ಕೆ ಸರಿಸಿಕೊಂಡರು. ಭೀಮಾಶಂಕರ ಅಂಗಳಕ್ಕೆ ಓಡಿ ಆಳೆತ್ತರದ ಸಾಲಿನಿಂದ ಒಂದು ಕುರ್ಚಿ ಎಳೆದ. ಒಂದಕ್ಕೊಂದು ಕಚ್ಚಿಕೊಂಡಿದ್ದವು, ಬಿಡಲಿಲ್ಲ. ಇಡೀ ಸಾಲು ಅವನ ಜೊತೆ ಬಾಗಿತು. ಕೊನೆಗೆ ತಾಯಪ್ಪನ ಕೈಯಲ್ಲಿದ್ದ ಕುರ್ಚಿಗೇ ಕೈ ಹಾಕಿದ.

“ಹಸಿ ಐತ್ರಿ, ಜರಾ ತಡೀರಿ,” ಅಂದ ತಾಯಪ್ಪ. ಹೆಗಲ ಮೇಲಿನ ಟವೆಲು ತೆಗೆದು ಕುರ್ಚಿಯ ಆಸನ ಒರೆಸಿದ. ಬೆನ್ನು ಒರೆಸಿದ. ಒಂದೊಂದು ಕಾಲು ಒರೆಸಿದ. ನಮ್ಮ ಲಗ್ನವಾದ ಮೇಲೆ ಅವನು ನನಗಾಗಿ ಇಷ್ಟು ನಿಧಾನವಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಒಳಗೆ ಸಾಹುಕಾರರು “ಜಲ್ದೀ ಜಲ್ದೀ” ಅಂತ ಮಂಚ ಬಡಿಯುತ್ತಿದ್ದರು.

ಭೀಮಾಶಂಕರ ಕುರ್ಚಿ ತಂದು ಬಾಗಿಲ ಹಿಂದೆ ಹಾಕಿದ.

“ಅಲ್ಲೆ ಅಲ್ರಿ. ಇಲ್ಲೆ, ಸಾವ್ಕಾರ್ರ ಎದುರಿಗಿ.”

ತಂದು ಎದುರಿಗೆ ಹಾಕಿದ. ನಾನು ಎದ್ದೆ. ಬೀಗರು, ಗೆಳೆಯರು ಬಾಳೆಹಣ್ಣು ದಾಟಿ ಅಂಗಳಕ್ಕೆ ನುಗ್ಗಿದರು. ಅಯ್ಯನವರು ಮಣೆಯನ್ನೂ ಬಿಟ್ಟು ಹೋದರು. ನಾನು ಮುದುಕರ ರಟ್ಟೆ ಹಿಡಿದೆ. ಹೌದು, ರಟ್ಟೆಯನ್ನೇ. ಯಾರೂ ಏನೂ ಅನ್ನಲಿಲ್ಲ. ಮಂಚದಿಂದ ಇಳಿಸಿ, ಗಾದಿ ಎತ್ತಿ, ಧೋತ್ರ ಸರಿಸಿ ಕೂಡಿಸಿದೆ. ಬಕೆಟ್ಟಿನಲ್ಲಿ ಸದ್ದು ಶುರುವಾಯಿತು, ಬಹಳ ಹೊತ್ತು ನಡೆಯಿತು. ಸಾಹುಕಾರರು ಕಣ್ಣು ಮುಚ್ಚಿ ಉಸಿರು ಬಿಟ್ಟರು.

ನಾನು ಕೆಂಪು ಕುರ್ಚಿಯ ಮೇಲೆ ಕೂತೆ. ಇನ್ನೂ ಸ್ವಲ್ಪ ಹಸಿ ಇತ್ತು. ಅವರು ಕಣ್ಣು ತೆರೆದಾಗ ನನ್ನ ಮುಖ ಅವರ ಮುಖದ ಸಮಕ್ಕೆ ಇತ್ತು. ಇಷ್ಟು ವರ್ಷ ಅವರು ನನ್ನ ನೆತ್ತಿ ನೋಡಿದ್ದರು, ನಾನು ಅವರ ಪಾದ ನೋಡಿದ್ದೆ.

“ಆತೇನ್ರಿ ಸಾವ್ಕಾರ್ರ?”

“ಹೂಂ.”

“ಎತ್ತಬೇಕೇನ್ರಿ?”

“ಹೂಂ. ಎತ್ತು.”

“ಜರಾ ತಡೀರಿ,” ಅಂದೆ. “ನಾ ಈಗಷ್ಟ ಕುಂತೇನಿ.”